ಒಂದೇ ಟಿವಿಗೆ ನಾಲ್ಕೈದು ಗೇಮ್ ಕನ್ಸೋಲ್: ಯಾವ ಸ್ವಿಚ್ ಬಾಕ್ಸ್ ಕೊಳ್ಳೋದು?

ಮೈಸೂರಿನ ದೇವರಾಜ ಅರಸು ರಸ್ತೆಯಲ್ಲಾಗಲಿ, ಮಂಡ್ಯದ ವಿ.ವಿ. ರಸ್ತೆಯಲ್ಲಾಗಲಿ ಅಂಗಡಿಗೆ ಹೋಗಿ ‘ಟಿವಿಗೆ ಎಚ್‌ಡಿಎಂಐ ಬಾಕ್ಸ್ ಕೊಡಿ’ ಅಂತಷ್ಟೇ ಕೇಳಿದರೆ ಸ್ವಿಚ್ ಬದಲು ಸ್ಪ್ಲಿಟರ್ ಕೈಗೆ ಬಂದರೂ ಆಶ್ಚರ್ಯವಿಲ್ಲ. ಎರಡೂ ಅಂಗೈಯಗಲದ ಕಪ್ಪು ಡಬ್ಬಿಗಳೇ, ಕೆಲಸ ಮಾತ್ರ ತದ್ವಿರುದ್ಧ. ಸ್ಪ್ಲಿಟರ್ ಒಂದು ಕನ್ಸೋಲಿನ ಚಿತ್ರವನ್ನು ಎರಡು ಟಿವಿಗೆ ಹಂಚುತ್ತದೆ. ನಮಗೆ ಬೇಕಾದ್ದು ಮೂರು ನಾಲ್ಕು ಕನ್ಸೋಲ್‌ಗಳಲ್ಲಿ ಒಂದನ್ನು ಆರಿಸಿ ಒಂದೇ ಟಿವಿಗೆ ಕೊಡುವ ಸ್ವಿಚ್. ಡಬ್ಬಿಯ ಬೆನ್ನು ತಿರುಗಿಸಿ ನೋಡಿ: ‘ಇನ್’ ಎಂದು ಮೂರೋ ಐದೋ, ‘ಔಟ್’ ಎಂದು ಒಂದೇ ಇದ್ದರೆ ಅದು ಸ್ವಿಚ್. ‘ಇನ್’ ಒಂದೇ ಇದ್ದು ‘ಔಟ್’ ಎರಡಿದ್ದರೆ ವಾಪಸ್ ಕೊಟ್ಟುಬಿಡಿ. ಎರಡೂ ದಿಕ್ಕಿಗೆ ಕೆಲಸ ಮಾಡುತ್ತದೆ ಎಂದು ಮಾರುವ ಪುಟ್ಟ ಡಬ್ಬಿಗಳೂ ಇವೆ. ಕನ್ಸೋಲ್ ಎರಡೇ ಇದ್ದರೆ ಅವೂ ನಡೆಯುತ್ತವೆ.

ಸ್ವಿಚ್ ಅಂತ ಗೊತ್ತಾದ ಮೇಲೂ ಜನ ಎಡವುವುದು ಇನ್ನೊಂದು ಕಡೆ. ಮನೆಯಲ್ಲಿರುವ ಪಿಎಸ್2ರಿಂದ (ಪ್ಲೇಸ್ಟೇಷನ್ 2) ಪಿಎಸ್5ರವರೆಗೆ ಎಲ್ಲವನ್ನೂ ಒಂದೇ ಡಬ್ಬಿಗೆ ತುರುಕಬೇಕೆಂದು ಹೊರಡುತ್ತಾರೆ. ಅದು ಬೇಡ. ಹೊಸ ಕನ್ಸೋಲ್ ನೇರವಾಗಿ ಟಿವಿಗೆ ಹೋಗಲಿ, ನಡುವಿನ ಕಾಲದವು ಒಂದು ಎಚ್‌ಡಿಎಂಐ ಸ್ವಿಚ್ ಬಾಕ್ಸಿಗೆ, ಹಳೆಯವು ಹಳದಿ-ಬಿಳಿ-ಕೆಂಪು ವೈರಿನ ಎವಿ ಬಾಕ್ಸಿಗೆ. ಹೀಗೆ ಮೂರು ದಾರಿ ಮಾಡಿದರೆ ಖರ್ಚೂ ಕಡಿಮೆ, ತಲೆನೋವೂ ಕಡಿಮೆ.

ಟಿವಿಯ ಬೆನ್ನು ನೋಡದೆ ಅಂಗಡಿಗೆ ಹೋಗಬೇಡಿ

32 ಇಂಚಿನ ಟಿವಿಗಳಲ್ಲಿ ಸಾಮಾನ್ಯವಾಗಿ ಎಚ್‌ಡಿಎಂಐ ಪೋರ್ಟ್ ಎರಡು, 43 ಇಂಚಿನ ಮೇಲಿನವುಗಳಲ್ಲಿ ಮೂರು ಅಥವಾ ನಾಲ್ಕು. ಒಂದನ್ನು ಸೆಟ್‌ಟಾಪ್ ಬಾಕ್ಸ್ ಹಿಡಿದಿರುತ್ತದೆ. ‘ಎಆರ್‌ಸಿ’ ಅಥವಾ ‘ಇಎಆರ್‌ಸಿ’ ಎಂದು ಬರೆದಿರುವುದನ್ನು (ಟಿವಿಯ ಧ್ವನಿಯನ್ನು ಅದೇ ವೈರಿನಲ್ಲಿ ಹಿಂದಕ್ಕೆ ಕಳಿಸುವ ಪೋರ್ಟ್) ಸೌಂಡ್‌ಬಾರ್ ಹಿಡಿದಿರುತ್ತದೆ. ಸ್ವಿಚ್ ಬಾಕ್ಸ್ ಕೊಳ್ಳುವ ಮೊದಲು ಇಲ್ಲೇ ಒಂದು ಪೋರ್ಟ್ ಉಳಿಸಬಹುದು: ಸೌಂಡ್‌ಬಾರ್‌ಗೆ ಆಪ್ಟಿಕಲ್ ವೈರಿನ ದಾರಿ ಇದ್ದರೆ ಅದನ್ನು ಬಳಸಿ, ಎಆರ್‌ಸಿ ಪೋರ್ಟ್ ಕನ್ಸೋಲಿಗೆ ಬಿಡುವಾಗುತ್ತದೆ. ಆಪ್ಟಿಕಲ್‌ನಲ್ಲಿ ಡಾಲ್ಬಿ ಆಟ್ಮಾಸ್ ಬರುವುದಿಲ್ಲ, ಸಾದಾ ಡಾಲ್ಬಿ 5.1 ಬರುತ್ತದೆ. ಎರಡು ಸಾವಿರದ ಡಬ್ಬಿ ಉಳಿಯುವುದಾದರೆ ಈ ಬೆಲೆ ತೆರಬಹುದು ಅಂತಲೇ ನಮ್ಮ ಅಭಿಪ್ರಾಯ. ಆದರೆ ಸ್ವಿಚ್ ಬಾಕ್ಸಿನ ‘ಔಟ್’ ವೈರನ್ನು ಎಆರ್‌ಸಿ ಪೋರ್ಟಿಗೆ ಹಾಕಿಕೊಂಡು, ಡಬ್ಬಿಯ ಇನ್ನೊಂದು ಕಡೆಗೆ ಸೌಂಡ್‌ಬಾರ್ ಸಿಕ್ಕಿಸಿದರೆ ಆಗುತ್ತದೆ ಎಂದುಕೊಳ್ಳಬೇಡಿ. ಟಿವಿಯಿಂದ ಹಿಂದಕ್ಕೆ ಬರುವ ಆ ಧ್ವನಿ ಸಾಮಾನ್ಯ ಸ್ವಿಚ್ ದಾಟುವುದಿಲ್ಲ.

4ಕೆ ಟಿವಿಯಾದರೆ ಇನ್ನೊಂದು ವಿಚಾರ. ಎಲ್ಲ ಪೋರ್ಟ್‌ಗಳೂ ಸಮಾನವಲ್ಲ. 120 ಹರ್ಟ್ಸ್ (ಸೆಕೆಂಡಿಗೆ 120 ಚಿತ್ರ) ಹೊರುವ ಪೋರ್ಟ್ ಅನೇಕ ಟಿವಿಗಳಲ್ಲಿ ಒಂದೋ ಎರಡೋ ಮಾತ್ರ. ಪಕ್ಕದಲ್ಲಿ ‘4ಕೆ 120’ ಎಂದು ಸಣ್ಣಕ್ಷರದಲ್ಲಿ ಅಚ್ಚಾಗಿರುತ್ತದೆ. ಜೊತೆಗೆ ಆ ಪೋರ್ಟಿನ ಪೂರ್ತಿ ಸಾಮರ್ಥ್ಯವನ್ನು ಟಿವಿಯ ಮೆನುವಿನಲ್ಲಿ ತೆರೆಯಬೇಕಾಗುವುದೂ ಉಂಟು. ಸೋನಿಯಲ್ಲಿ ‘ಎಚ್‌ಡಿಎಂಐ ಸಿಗ್ನಲ್ ಫಾರ್ಮ್ಯಾಟ್’, ಸ್ಯಾಮ್‌ಸಂಗ್‌ನಲ್ಲಿ ‘ಇನ್‌ಪುಟ್ ಸಿಗ್ನಲ್ ಪ್ಲಸ್’, ಎಲ್‌ಜಿಯಲ್ಲಿ ‘ಎಚ್‌ಡಿಎಂಐ ಅಲ್ಟ್ರಾ ಎಚ್‌ಡಿ ಡೀಪ್ ಕಲರ್’. ಇದನ್ನು ತೆರೆಯದೆ ಸ್ವಿಚ್ ಬಾಕ್ಸಿಗೆ ಬೈದು ಪ್ರಯೋಜನವಿಲ್ಲ.

ಯಾವ ಕನ್ಸೋಲ್ ಎಷ್ಟು ಕಳಿಸುತ್ತದೆ

ಎಚ್‌ಡಿಎಂಐ 1.4 ಆವೃತ್ತಿಯ ಡಬ್ಬಿ ಸೆಕೆಂಡಿಗೆ 10.2 ಗಿಗಾಬಿಟ್ ಮಾಹಿತಿ ದಾಟಿಸುತ್ತದೆ, 2.0 ಆದರೆ 18, 2.1 ಆದರೆ 48ರವರೆಗೆ. ಇನ್ನು ಕನ್ಸೋಲ್ ಕಡೆಯ ಲೆಕ್ಕ. ಪಿಎಸ್3, ಎಕ್ಸ್‌ಬಾಕ್ಸ್ 360, ಸಾದಾ ಪಿಎಸ್4, ಮೊದಲ ನಿಂಟೆಂಡೊ ಸ್ವಿಚ್ (ಡಬ್ಬಿಯಲ್ಲ, ಕನ್ಸೋಲಿನ ಹೆಸರೇ ಇದು) ಕೂರುವ ಡಾಕ್ ಎಂಬ ತೊಟ್ಟಿಲು ಇವೆಲ್ಲ 1080ಪಿ, 60 ಹರ್ಟ್ಸ್‌ಗೆ ನಿಲ್ಲುತ್ತವೆ. ಇವಕ್ಕೆ 1.4ರ ಡಬ್ಬಿ ಧಾರಾಳ. ಪಿಎಸ್4 ಪ್ರೊ, ಎಕ್ಸ್‌ಬಾಕ್ಸ್ ಒನ್ ಎಕ್ಸ್ 4ಕೆ 60 ಕಳಿಸುತ್ತವೆ. 2025ರಲ್ಲಿ ಬಂದ ನಿಂಟೆಂಡೊ ಸ್ವಿಚ್ 2 ಡಾಕ್‌ನಲ್ಲಿ 4ಕೆಗೆ 60, 1440ಪಿ ಮತ್ತು 1080ಪಿಗೆ 120. ಇವಕ್ಕೆ 18 ಗಿಗಾಬಿಟ್ಟಿನದೇ ಬೇಕು. ಪಿಎಸ್5 ಗರಿಷ್ಠ 32, ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಗರಿಷ್ಠ 40 ಗಿಗಾಬಿಟ್ ಕೇಳುತ್ತವೆ, ಅದೂ 4ಕೆ 120ರಲ್ಲಿ ಆಡಿದಾಗ ಮಾತ್ರ. ನಿಮ್ಮ ಟಿವಿಯೇ 60 ಹರ್ಟ್ಸಿನದಾದರೆ ಪಿಎಸ್5ಗೂ 18ರ ಡಬ್ಬಿ ಸಾಕು. 60 ಹರ್ಟ್ಸ್ ಟಿವಿ ಇಟ್ಟುಕೊಂಡು 2.1 ಸ್ವಿಚ್‌ಗೆ ದುಡ್ಡು ಸುರಿಯುವುದು ದಂಡ.

ಮೋಸ ಹೋಗುವ ಜಾಗ ಇಲ್ಲೇ ಇದೆ. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ‘4ಕೆ’ ಎಂದಿರುತ್ತದೆ, 1.4ರ ಡಬ್ಬಿಯೂ 4ಕೆ ತೋರಿಸುತ್ತದೆ, ಆದರೆ 30 ಹರ್ಟ್ಸ್‌ನಲ್ಲಿ. ಸಿನಿಮಾಗೆ ಅದು ನಡೆದೀತು, ಗೇಮ್‌ಗೆ ಕೆಲಸಕ್ಕೆ ಬಾರದು. ‘4ಕೆ 60 ಹರ್ಟ್ಸ್’, ‘18 ಗಿಗಾಬಿಟ್’, ‘ಎಚ್‌ಡಿಸಿಪಿ 2.2’ (ನಕಲು ತಡೆಯುವ ಬೀಗ) ಈ ಮೂರೂ ಪೆಟ್ಟಿಗೆಯ ಮೇಲೆ ಅಚ್ಚಾಗಿರಬೇಕು. ಒಂದು ಇಲ್ಲದಿದ್ದರೂ ಅದನ್ನು 1.4ರದೆಂದೇ ತಿಳಿಯಿರಿ, ಅಂಗಡಿಯವರು ಏನೇ ಹೇಳಲಿ.

ತಾನೇ ಬದಲಾಗುವುದೋ, ಬಟನ್ ಒತ್ತುವುದೋ

ಅತಿ ಅಗ್ಗದ್ದು ಪವರ್ ವೈರೇ ಇಲ್ಲದ ಆಟೋ ಸ್ವಿಚ್. ಕನ್ಸೋಲ್ ಆನ್ ಆದಾಗ ಎಚ್‌ಡಿಎಂಐ ವೈರಿನ 18ನೇ ಪಿನ್ನಿನಲ್ಲಿ 5 ವೋಲ್ಟ್ ಬರುತ್ತದೆ. ಡಬ್ಬಿ ಅದರಿಂದಲೇ ಜೀವ ಹಿಡಿಯುತ್ತದೆ, ಯಾವ ಪೋರ್ಟಿಗೆ ಹೊಸದಾಗಿ 5 ವೋಲ್ಟ್ ಬಂತೋ ಅದಕ್ಕೆ ತಿರುಗುತ್ತದೆ. ಕಾಗದದ ಮೇಲೆ ಇದಕ್ಕಿಂತ ಚೆಂದದ ಏರ್ಪಾಡಿಲ್ಲ. ಮನೆಯಲ್ಲಿ ಆಗುವುದು ಬೇರೆ. ಒಂದು, ಕನ್ಸೋಲ್ ಆ ಪಿನ್ನಿನಲ್ಲಿ ಕೊಡಲೇಬೇಕಾದ ಕರೆಂಟ್ ಬರೀ 55 ಮಿಲಿಆಂಪಿಯರ್. ಉದ್ದ ವೈರಿದ್ದರೆ ಚಿಪ್‌ಗೆ ಹೊಟ್ಟೆ ತುಂಬುವುದಿಲ್ಲ, ಚಿತ್ರ ಬಂದು ಬಂದು ಹೋಗುತ್ತದೆ. ಎರಡು, ಸೆಟ್‌ಟಾಪ್ ಬಾಕ್ಸ್ ಮತ್ತು ಸ್ಟ್ರೀಮಿಂಗ್ ಸ್ಟಿಕ್ಕುಗಳಲ್ಲಿ ಹಲವು, ಆಫ್ ಮಾಡಿದರೂ 5 ವೋಲ್ಟ್ ಬಿಡುವುದಿಲ್ಲ. ರೆಸ್ಟ್ ಮೋಡ್‌ನಲ್ಲಿರುವ ಕನ್ಸೋಲ್ ನಡುರಾತ್ರಿ ಅಪ್‌ಡೇಟ್‌ಗೆ ಎದ್ದರೆ ನೋಡುತ್ತಿದ್ದ ಚಿತ್ರ ಬಿಟ್ಟು ಡಬ್ಬಿ ಅತ್ತ ಹಾರುತ್ತದೆ.

ಹೀಗಾಗಿ ಎರಡು ಕನ್ಸೋಲ್ ಮಾತ್ರ ಇದ್ದು, ಎರಡನ್ನೂ ಪೂರ್ತಿ ಆಫ್ ಮಾಡುವ ಅಭ್ಯಾಸವಿದ್ದರೆ ಆಟೋ ಡಬ್ಬಿ ತೆಗೆದುಕೊಳ್ಳಿ. ಎರಡು ದಾಟಿದರೆ ಬಟನ್ ಇರುವ, 5 ವೋಲ್ಟ್ ಅಡಾಪ್ಟರ್ ಸಿಕ್ಕಿಸುವ ಡಬ್ಬಿಯೇ ಸರಿ. ಆಟೋ ಮೋಡನ್ನು ಆಫ್ ಮಾಡುವ ಗುಂಡಿಯೂ ಇದ್ದರೆ ಇನ್ನೂ ಒಳ್ಳೆಯದು. ಪವರ್‌ಗೆ ಟಿವಿಯ ಯುಎಸ್‌ಬಿ ಪೋರ್ಟ್ ಬಳಸುವವರಿದ್ದಾರೆ. ಅಲ್ಲಿ ಸಿಗುವುದು ಸಾಮಾನ್ಯವಾಗಿ ಅರ್ಧ ಆಂಪಿಯರ್, ಅದೂ ಟಿವಿ ಎದ್ದ ಮೇಲೆ. ಡಬ್ಬಿ ತಡವಾಗಿ ಎದ್ದು ಕನ್ಸೋಲ್ ಆಗಲೇ ‘ಟಿವಿ ಇಲ್ಲ’ ಎಂದು ತೀರ್ಮಾನಿಸಿರುತ್ತದೆ. ಮೂಲೆಯಲ್ಲಿ ಬಿದ್ದಿರುವ ಹಳೆ ಮೊಬೈಲಿನ 5 ವೋಲ್ಟ್, 1 ಆಂಪಿಯರ್ ಚಾರ್ಜರ್ ಇದಕ್ಕೆ ಹೇಳಿ ಮಾಡಿಸಿದ್ದು.

ರಿಮೋಟ್ ಇರುವ ಡಬ್ಬಿ ಬೇಕೆಂದರೆ ಅದಕ್ಕೊಂದು ‘ಕಣ್ಣು’ ಬೇಕು. ಟಿವಿಯ ಬೆನ್ನಿಗೆ ಅಂಟಿಸಿದರೆ ರಿಮೋಟಿನ ಬೆಳಕು ತಲುಪುವುದಿಲ್ಲ. ಉದ್ದ ವೈರಿನ ಕಣ್ಣನ್ನು ಜೊತೆಗೆ ಕೊಡುವ ಮಾದರಿಗಳಿವೆ, ಅವನ್ನೇ ಹುಡುಕಿ. ಇದರ ಅಗ್ಗದ ರಿಮೋಟುಗಳ ಸಂಕೇತ ಕೆಲವೊಮ್ಮೆ ಬೇರೆ ರಿಮೋಟಿಗೂ ಹೊಂದಿಬಿಡುತ್ತದೆ. ಸೆಟ್‌ಟಾಪ್‌ನ ವಾಲ್ಯೂಮ್ ಒತ್ತಿದಾಗ ಕನ್ಸೋಲ್ ಬದಲಾದರೆ ಭೂತ ಹಿಡಿದಿಲ್ಲ, ಕಾರಣ ಅದೇ.

ಮನೆಯಲ್ಲಿ ಅಜ್ಜಿಯೋ ಅಮ್ಮನೋ ಸಂಜೆ ಧಾರಾವಾಹಿ ನೋಡುವವರಾದರೆ ಸೆಟ್‌ಟಾಪ್ ಬಾಕ್ಸನ್ನು ಯಾವ ಸ್ವಿಚ್‌ಗೂ ಹಾಕಬೇಡಿ. ಅದು ನೇರ ಟಿವಿಯಲ್ಲೇ ಇರಲಿ. ರಿಮೋಟ್ ಒತ್ತಿದ ಕೂಡಲೇ ಚಾನೆಲ್ ಬರದಿದ್ದರೆ ಮಾರನೇ ದಿನವೇ ನಿಮ್ಮ ಡಬ್ಬಿ ಅಟ್ಟ ಸೇರುತ್ತದೆ.

2.1 ಸ್ವಿಚ್ ಯಾರಿಗೆ

ಪಿಎಸ್5 ಮತ್ತು ಸೀರೀಸ್ ಎಕ್ಸ್ ಎರಡೂ ಇದ್ದು, 120 ಹರ್ಟ್ಸ್ ಟಿವಿಯಲ್ಲಿ ಅಂಥ ಪೋರ್ಟ್ ಒಂದೇ ಇದ್ದರೆ ಮಾತ್ರ. ಬೆಲೆ 2.0 ಡಬ್ಬಿಯ ಎರಡು ಮೂರು ಪಟ್ಟು. ‘48 ಗಿಗಾಬಿಟ್’ ಅಥವಾ ಕನಿಷ್ಠ ‘40’ ಎಂಬ ಅಂಕಿ, ‘ವಿಆರ್‌ಆರ್’ (ಆಟದ ವೇಗಕ್ಕೆ ಟಿವಿ ಹೊಂದಿಕೊಳ್ಳುವ ಸೌಕರ್ಯ) ಎಂಬ ಉಲ್ಲೇಖ ಇರಬೇಕು. ಬರೀ ‘8ಕೆ’ ಎಂದಿದ್ದರೆ ನಂಬಬೇಡಿ. ವೈರುಗಳೂ ‘ಅಲ್ಟ್ರಾ ಹೈ ಸ್ಪೀಡ್’ ಲೇಬಲ್ ಮತ್ತು ಕ್ಯೂಆರ್ ಕೋಡ್ ಇರುವವೇ ಆಗಬೇಕು. ಈ ವೇಗದಲ್ಲಿ ತಾಮ್ರದ ವೈರು 3 ಮೀಟರ್ ದಾಟುವುದು ಕಷ್ಟ. ಡಬ್ಬಿ ಸಿಗ್ನಲ್ಲನ್ನು ಹೊಸದಾಗಿ ಎತ್ತಿ ಕಳಿಸದ ಸಾದಾ ಜಾತಿಯದಾದರೆ ಕನ್ಸೋಲಿನಿಂದ ಡಬ್ಬಿಗೆ, ಡಬ್ಬಿಯಿಂದ ಟಿವಿಗೆ ಎರಡೂ ಸೇರಿ ಆ 3 ಮೀಟರ್. ಕನ್ಸೋಲಿಗೆ 1 ಮೀಟರ್, ಟಿವಿಗೆ 1 ಮೀಟರ್ ಇಟ್ಟುಕೊಂಡರೆ ಚಿಂತೆಯಿಲ್ಲ. ಟಿವಿ ಗೋಡೆಯಲ್ಲಿದ್ದು ಉದ್ದ ಆಪ್ಟಿಕಲ್ ಎಚ್‌ಡಿಎಂಐ ವೈರು ತಂದರೆ ಅದಕ್ಕೆ ದಿಕ್ಕಿದೆ: ‘ಸೋರ್ಸ್’ ತುದಿ ಕನ್ಸೋಲ್ ಕಡೆಗೆ, ‘ಡಿಸ್‌ಪ್ಲೇ’ ತುದಿ ಟಿವಿಗೆ. ತಿರುಗಿಸಿ ಹಾಕಿದರೆ ಏನೂ ಬರುವುದಿಲ್ಲ. ಸುಣ್ಣ ಬಳಿಸಿ ಪೈಪೊಳಗೆ ಎಳೆದ ಮೇಲೆ ಗೊತ್ತಾಗುವ ಬದಲು ನೆಲದ ಮೇಲೇ ಒಮ್ಮೆ ಹಾಕಿ ನೋಡಿ.

ಹೋಮ್ ಥಿಯೇಟರ್ ರಿಸೀವರ್ ಇದ್ದವರಿಗೆ ಅದೇ ಸ್ವಿಚ್. ಬೇರೆ ಡಬ್ಬಿ ಬೇಡ. 2020ರ ಸುಮಾರಿಗೆ ಬಂದ ಮೊದಲ 2.1 ರಿಸೀವರ್‌ಗಳಲ್ಲಿ ಕೆಲವು ಸೀರೀಸ್ ಎಕ್ಸ್‌ನ 4ಕೆ 120 ಬಂದರೆ ಪರದೆ ಕಪ್ಪು ಮಾಡುತ್ತಿದ್ದವು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇದನ್ನು ಆಡಿ ನೋಡಿಯೇ ದುಡ್ಡು ಕೊಡಿ.

ಹಳೆಯವುಗಳ ಪಾಡು

ಪಿಎಸ್2, ನಿಂಟೆಂಡೊ ವೀ, ಕ್ಯಾಸೆಟ್ ಹಾಕುವ 8 ಬಿಟ್ ಟಿವಿ ಗೇಮ್ ಇವಕ್ಕೆ ಎಚ್‌ಡಿಎಂಐ ಇಲ್ಲ. ಎವಿ ಸೆಲೆಕ್ಟರ್ ಡಬ್ಬಿ ಕೆಲವೇ ನೂರು ರೂಪಾಯಿ, ಕರೆಂಟೇ ಬೇಡ, ಒಳಗೆ ಬರೀ ಒತ್ತುವ ಸ್ವಿಚ್ಚುಗಳು. ಹಳದಿ ಚಿತ್ರಕ್ಕೆ, ಬಿಳಿ ಎಡ ಧ್ವನಿಗೆ, ಕೆಂಪು ಬಲ ಧ್ವನಿಗೆ. ಅದಲು ಬದಲಾದರೂ ಸುಡುವುದಿಲ್ಲ, ಹಳದಿಯನ್ನು ಬಿಳಿಗೆ ಹಾಕಿದರೆ ಗೊರ್ ಎಂಬ ಸದ್ದು ಬರುತ್ತದೆ ಅಷ್ಟೇ. ಚಿತ್ರ ಕಪ್ಪು ಬಿಳುಪಾಗಿಯೋ, ಒಂದು ಕಡೆಯ ಧ್ವನಿ ಮಾತ್ರವೋ ಬರತೊಡಗಿದರೆ ಒಳಗಿನ ಲೋಹದ ಪಟ್ಟಿಗೆ ಕಿಲುಬು ಹಿಡಿದಿರುತ್ತದೆ. ಪ್ಲಗ್ಗೆಲ್ಲ ಕಿತ್ತು, ಎಲೆಕ್ಟ್ರಾನಿಕ್ಸ್ ಅಂಗಡಿಯ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಗುಂಡಿಯ ಸಂದಿಗೆ ಹೊಡೆದು, ಪ್ರತಿ ಗುಂಡಿಯನ್ನೂ ಹತ್ತಿಪ್ಪತ್ತು ಸಲ ಒತ್ತಿ ಬಿಟ್ಟರೆ ಬಹುತೇಕ ಸರಿಹೋಗುತ್ತದೆ. ಆಲೆಮನೆಯ ಮಸಿ ಬೀಳುವ ಮಂಡ್ಯದ ಕಡೆಯ ಊರುಗಳಲ್ಲಿ ಬಳಸದ ತೂತುಗಳಿಗೆ ಟೇಪ್ ಹಚ್ಚಿಡುವುದು ಲೇಸು.

ಹೊಸ ಟಿವಿಗಳಲ್ಲಿ ಮೂರು ಬಣ್ಣದ ತೂತಿನ ಬದಲು ‘ಎವಿ ಇನ್’ ಎಂಬ ಒಂದೇ ಸಣ್ಣ ಗುಂಡು ತೂತಿರುತ್ತದೆ. ಅದಕ್ಕೆ 3.5 ಮಿಲಿಮೀಟರಿನ, ಮೇಲೆ ಮೂರು ಕಪ್ಪು ಗೆರೆಯಿರುವ ಪಿನ್ನಿನ ಅಡಾಪ್ಟರ್ ಬೇಕು. ಟಿವಿ ಪೆಟ್ಟಿಗೆಯಲ್ಲಿ ಬಂದಿದ್ದರೆ ಅದೇ ಉತ್ತಮ. ಹೊರಗಿನದು ತಂದರೆ ಒಳಗಿನ ತಂತಿಗಳ ಕ್ರಮ ಬೇರೆಯಿರಬಹುದು, ನೋಡಲು ಒಂದೇ ಥರ. ಚಿತ್ರ ಬರದಿದ್ದರೆ ಹಳದಿ ಪ್ಲಗ್ಗನ್ನು ಅಡಾಪ್ಟರಿನ ಕೆಂಪು ತೂತಿಗೂ ಬಿಳಿ ತೂತಿಗೂ ಹಾಕಿ ನೋಡಿ, ಒಂದರಲ್ಲಿ ಬಂದರೂ ಬಂದೀತು.

ಪಿಎಸ್2ಗೆ ಹಸಿರು-ನೀಲಿ-ಕೆಂಪಿನ ಕಾಂಪೊನೆಂಟ್ ವೈರು ಹಾಕಿದರೆ ಚಿತ್ರ ಗಮನಾರ್ಹವಾಗಿ ಚೊಕ್ಕಟವಾಗುತ್ತದೆ. ಮೊದಲು ಹಳದಿ ವೈರಿನಲ್ಲೇ ಚಿತ್ರ ತಂದು, ‘ಸಿಸ್ಟಮ್ ಕಾನ್ಫಿಗರೇಶನ್’ ಒಳಗಿನ ‘ಕಾಂಪೊನೆಂಟ್ ವಿಡಿಯೋ ಔಟ್’ ಅನ್ನು ‘ಆರ್‌ಜಿಬಿ’ಯಿಂದ ‘ವೈ ಸಿಬಿ ಸಿಆರ್’ ಸಾಲಿಗೆ ಬದಲಿಸಿ, ಆಮೇಲೆ ವೈರು ಬದಲಿಸಿ. ಇಲ್ಲದಿದ್ದರೆ ಬಣ್ಣವೆಲ್ಲ ಕೆಟ್ಟು ಬರುತ್ತದೆ. ಕಾಂಪೊನೆಂಟಿಗೆ ಐದು ಪ್ಲಗ್ಗು, ಆದ್ದರಿಂದ ಡಬ್ಬಿಯೂ ಸಾಲಿಗೆ ಐದು ತೂತಿನದೇ ಬೇಕು. ಪಿಎಸ್3ಯನ್ನು ಎಚ್‌ಡಿಎಂಐಯಿಂದ ಎವಿಗೆ ಬದಲಿಸಿದಾಗ ಪರದೆ ಕಪ್ಪಾದರೆ, ಕನ್ಸೋಲ್ ಆಫ್ ಮಾಡಿ, ಪವರ್ ಗುಂಡಿಯನ್ನು ಎರಡನೇ ಬೀಪ್ ಬರುವವರೆಗೆ ಒತ್ತಿ ಹಿಡಿಯಿರಿ, ವಿಡಿಯೋ ಸೆಟ್ಟಿಂಗ್ ಮೊದಲಿನಂತಾಗುತ್ತದೆ.

ಎವಿಯನ್ನು ಎಚ್‌ಡಿಎಂಐ ಮಾಡುವ ಅಗ್ಗದ ಬಿಳಿ ಕನ್ವರ್ಟರ್ ಡಬ್ಬಿಗಳ ಬಗ್ಗೆ ನಮಗೆ ಒಲವಿಲ್ಲ. ಹಳೆ ಗೇಮ್‌ಗಳು 240 ಗೆರೆಯ ಚಿತ್ರ ಕಳಿಸುತ್ತವೆ. ಈ ಡಬ್ಬಿಗಳು ಅದನ್ನು 480ಐ (ಎರಡು ಕಂತಿನಲ್ಲಿ ಬರುವ 480 ಗೆರೆಯ ಚಿತ್ರ) ಎಂದು ತಪ್ಪಾಗಿ ಓದಿ ಹೆಣೆಯಲು ಹೋಗಿ, ಓಡುವ ಬೊಂಬೆಯ ಅಂಚೆಲ್ಲ ಬಾಚಣಿಗೆಯ ಹಲ್ಲಾಗುತ್ತದೆ. ಮೇಲಾಗಿ ಒಂದೆರಡು ಫ್ರೇಮ್ ತಡ. 60 ಹರ್ಟ್ಸ್‌ನಲ್ಲಿ ಒಂದು ಫ್ರೇಮ್ ಅಂದರೆ 16.7 ಮಿಲಿಸೆಕೆಂಡು, ಜಿಗಿಯುವ ಆಟದಲ್ಲಿ ಇದು ಕೈಗೆ ಗೊತ್ತಾಗುತ್ತದೆ. ಎಚ್‌ಡಿಎಂಐ ಸ್ವಿಚ್ ಇಂಥ ತಡ ಮಾಡುವುದಿಲ್ಲ, ಅದು ಚಿತ್ರವನ್ನು ಹಿಡಿದಿಟ್ಟುಕೊಳ್ಳುವುದೇ ಇಲ್ಲ. ಹಳೆ ಆಟಗಳ ಹುಚ್ಚು ನಿಜವಾಗಿ ಇದ್ದವರು ರೆಟ್ರೋಟಿಂಕ್ ಅಥವಾ ಓಎಸ್‌ಎಸ್‌ಸಿ ಥರದ ಸ್ಕೇಲರ್ (ಹಳೆ ಚಿತ್ರವನ್ನು ಹೊಸ ಟಿವಿಗೆ ಹೊಂದಿಸುವ ಡಬ್ಬಿ) ನೋಡಲಿ, ಬೆಲೆ ಮಾತ್ರ ಹಳೆ ಕನ್ಸೋಲಿಗಿಂತ ಹೆಚ್ಚು. ಅಟ್ಟದ ಮೇಲೆ ಡಬ್ಬಾ ಟಿವಿ ಇನ್ನೂ ಉಸಿರಾಡುತ್ತಿದ್ದರೆ ಅದಕ್ಕಿಂತ ಒಳ್ಳೆಯದು ಯಾವುದೂ ಇಲ್ಲ. ಬಾತುಕೋಳಿ ಹೊಡೆಯುವ ಗನ್ ಅಂತೂ ಅದರಲ್ಲಿ ಬಿಟ್ಟರೆ ಎಲ್‌ಇಡಿ ಟಿವಿಯಲ್ಲಿ ಕೆಲಸ ಮಾಡುವುದೇ ಇಲ್ಲ; ಆ ಗನ್ನಿನ ಸೆನ್ಸರ್ ಕಾಯುವುದು ಹಳೆ ಟ್ಯೂಬು ಗೆರೆ ಬರೆಯುವ ಆ ಕ್ಷಣಕ್ಕೆ.

ಅರ್ಥಿಂಗ್, ಗುಡುಗು, ಕೇಬಲ್ ವೈರು

ಸ್ವಿಚ್ ಬಾಕ್ಸ್ ಮಾರುವವರು ಇದನ್ನು ಹೇಳುವುದಿಲ್ಲ. ಪಿಎಸ್5, ಸಾದಾ ಪಿಎಸ್4, ಸೀರೀಸ್ ಎಕ್ಸ್ ಯಾವುದನ್ನೇ ನೋಡಿ, ಪವರ್ ವೈರು ಕನ್ಸೋಲಿಗೆ ಸೇರುವ ತುದಿಯಲ್ಲಿ ಎರಡೇ ತೂತು. ಗೋಡೆ ಕಡೆ ಮೂರು ಪಿನ್ ಕಂಡರೂ ಅರ್ಥಿಂಗ್ ಕನ್ಸೋಲಿಗೆ ಬರುವುದಿಲ್ಲ. ಒಳಗಿನ ಪವರ್ ಸಪ್ಲೈಯ ಸಣ್ಣ ಕೆಪಾಸಿಟರುಗಳ ದೆಸೆಯಿಂದ ಲೋಹದ ಭಾಗಗಳಲ್ಲಿ ಮೈನ್ಸಿನ ಅರ್ಧದಷ್ಟು, ಅಂದರೆ 115 ವೋಲ್ಟ್ ಆಸುಪಾಸು ತೇಲುತ್ತಿರುತ್ತದೆ. ಕರೆಂಟ್ ತೀರಾ ಕಡಿಮೆ, ಎಚ್‌ಡಿಎಂಐ ಪಿನ್ನಿನ ಅಂಚು ಬೆರಳಿಗೆ ತಾಗಿದರೆ ಜುಮ್ ಎನ್ನುತ್ತದೆ ಅಷ್ಟೇ. ಮನುಷ್ಯರಿಗೆ ಅದು ಏನೂ ಅಲ್ಲ, ಆದರೆ ಎಚ್‌ಡಿಎಂಐ ಚಿಪ್ಪಿಗೆ ಅಷ್ಟೇ ಸಾಕು. ಇನ್ನೊಂದು ಕಡೆ ಸೆಟ್‌ಟಾಪ್ ಬಾಕ್ಸಿಗೆ ಬರುವ ಕೇಬಲ್ ಅಥವಾ ಡಿಶ್ ವೈರು ಮನೆಯಾಚೆ ಎಲ್ಲೋ ಕಂಬಕ್ಕೋ ಮಾಳಿಗೆಯ ಕಬ್ಬಿಣಕ್ಕೋ ತಾಗಿಕೊಂಡಿರುತ್ತದೆ. ಈ ಎರಡರ ನಡುವಿನ ವೋಲ್ಟೇಜ್ ವ್ಯತ್ಯಾಸವೆಲ್ಲ ನೀವು ಎಚ್‌ಡಿಎಂಐ ಚುಚ್ಚುವ ಆ ಕ್ಷಣದಲ್ಲಿ ಹರಿಯುತ್ತದೆ.

ಸ್ವಿಚ್ ಬಾಕ್ಸ್ ಬಂದರೆ ಇದು ಇನ್ನೂ ಹಿಗ್ಗುತ್ತದೆ. ಬಟನ್ ಒತ್ತಿ ಒಂದು ಕನ್ಸೋಲ್ ಆರಿಸಿದಾಗ ಚಿತ್ರದ ತಂತಿಗಳು ಮಾತ್ರ ಬದಲಾಗುತ್ತವೆ, ಗ್ರೌಂಡ್ ತಂತಿ ಎಲ್ಲ ಕನ್ಸೋಲಿಗೂ ಸೇರಿಯೇ ಇರುತ್ತದೆ. ಏಪ್ರಿಲ್-ಮೇ ತಿಂಗಳ ಸಂಜೆ ಗುಡುಗು ಮಳೆಯಲ್ಲಿ ಕೇಬಲ್ ವೈರಿನಿಂದ ಬಂದ ಹೊಡೆತ ಆಫ್ ಆಗಿರುವ ಕನ್ಸೋಲನ್ನೂ ಬಿಡುವುದಿಲ್ಲ. ಆದ್ದರಿಂದ ವೈರು ಸೇರಿಸುವಾಗ, ಬಿಡಿಸುವಾಗ ಟಿವಿ, ಕನ್ಸೋಲ್, ಸೆಟ್‌ಟಾಪ್ ಎಲ್ಲದರ ಪ್ಲಗ್ಗೂ ಗೋಡೆಯಿಂದ ಹೊರಗಿರಲಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಗುಡುಗು ಶುರುವಾಗುವ ಮೊದಲೇ ಎಕ್ಸ್‌ಟೆನ್ಶನ್ ಬೋರ್ಡಿನ ಪ್ಲಗ್ಗು ಕೀಳಿ, ಆಮೇಲೆ ಕೇಬಲ್ ವೈರು; ಗುಡುಗುತ್ತಿರುವಾಗ ವೈರು ಮುಟ್ಟಬೇಡಿ. ಅಗ್ರಹಾರದ ಹಳೆ ಮನೆಗಳಂಥಲ್ಲಿ ಸಾಕೆಟ್ಟಿಗೆ ಮೂರನೇ ತೂತಿದ್ದರೂ ಹಿಂದೆ ಅರ್ಥಿಂಗ್ ತಂತಿ ಇರಲೇಬೇಕೆಂದಿಲ್ಲ. ಎಲೆಕ್ಟ್ರಿಷಿಯನ್ನರಿಂದ ಒಮ್ಮೆ ಟೆಸ್ಟ್ ಮಾಡಿಸಿ.

ಜೋಡಿಸುವ ಕ್ರಮ, ಕೈಕೊಟ್ಟರೆ ನೋಡುವ ಕ್ರಮ

43 ಇಂಚಿನ ಟಿವಿ, ಮೂರು ಎಚ್‌ಡಿಎಂಐ ಎಂದುಕೊಳ್ಳಿ. ಒಳ್ಳೆಯ ಪೋರ್ಟಿಗೆ ಪಿಎಸ್5 ನೇರವಾಗಿ, ಎರಡನೆಯದಕ್ಕೆ ಸೆಟ್‌ಟಾಪ್ ನೇರವಾಗಿ, ಮೂರನೆಯದಕ್ಕೆ ಬಟನ್ನಿನ ಮೂರು ಪೋರ್ಟ್ ಡಬ್ಬಿ. ಅದರಲ್ಲಿ ಪಿಎಸ್4, ಪಿಎಸ್3, ನಿಂಟೆಂಡೊ ಸ್ವಿಚ್. ಪಿಎಸ್2 ಎವಿಗೆ. ಸೌಂಡ್‌ಬಾರ್ ಆಪ್ಟಿಕಲ್‌ಗೆ. ಪ್ರತಿ ವೈರಿನ ಎರಡೂ ತುದಿಗೆ ಟೇಪ್ ಸುತ್ತಿ ಹೆಸರು ಬರೆಯಿರಿ. ಮೈಸೂರಿನ ಮನೆಗಳಲ್ಲಿ ದಸರಾಕ್ಕೆ ಗೊಂಬೆ ಕೂರಿಸಲು ಟಿವಿ ಸ್ಟ್ಯಾಂಡೇ ಪಕ್ಕಕ್ಕೆ ಹೋಗುತ್ತದೆ, ನೆಂಟರ ಮಕ್ಕಳು ಬಂದು ಆಡಬೇಕೆನ್ನುವುದೂ ಅದೇ ಹತ್ತು ದಿನ.

ಆಮೇಲೆ ಸಿಇಸಿ. ಟಿವಿ ಮತ್ತು ಕನ್ಸೋಲ್ ಒಂದನ್ನೊಂದು ಎಬ್ಬಿಸುವ ಈ ಸೌಕರ್ಯ ಸ್ವಿಚ್ ಬಾಕ್ಸಿನ ಜೊತೆ ಗಲಿಬಿಲಿ ಮಾಡುತ್ತದೆ. ಡಬ್ಬಿಗೆ ಹೋಗುವ ಕನ್ಸೋಲುಗಳಲ್ಲಿ ಅದನ್ನು ಆಫ್ ಮಾಡಿಬಿಡಿ: ಪಿಎಸ್4ನಲ್ಲಿ ‘ಸೆಟ್ಟಿಂಗ್ಸ್’, ‘ಸಿಸ್ಟಮ್’, ‘ಎಚ್‌ಡಿಎಂಐ ಡಿವೈಸ್ ಲಿಂಕ್’, ನಿಂಟೆಂಡೊ ಸ್ವಿಚ್‌ನಲ್ಲಿ ‘ಟಿವಿ ಸೆಟ್ಟಿಂಗ್ಸ್’ ಒಳಗೆ ‘ಮ್ಯಾಚ್ ಟಿವಿ ಪವರ್ ಸ್ಟೇಟ್’.

ಆನ್ ಮಾಡುವಾಗ ಟಿವಿ ಮೊದಲು, ಆಮೇಲೆ ಡಬ್ಬಿ, ಕೊನೆಗೆ ಕನ್ಸೋಲ್. ಬಟನ್ ಒತ್ತಿದ ಮೇಲೆ ಎರಡರಿಂದ ಐದು ಸೆಕೆಂಡ್ ಕಪ್ಪು ಪರದೆ ಸಹಜ, ಆಗ ಎಚ್‌ಡಿಸಿಪಿ ಕೀಲಿ ಕೈ ಬದಲಾಗುತ್ತಿರುತ್ತದೆ. ಹತ್ತು ಸೆಕೆಂಡ್ ದಾಟಿದರೆ ತೊಂದರೆ. ಪರದೆ ತುಂಬ ಬಿಳಿ ಚುಕ್ಕೆ ಮಿನುಗಿದರೆ ವೈರು ಅಥವಾ ಡಬ್ಬಿ ಆ ವೇಗ ಹೊರುತ್ತಿಲ್ಲ ಎಂದರ್ಥ. ಕನ್ಸೋಲಿನಲ್ಲಿ ಎಚ್‌ಡಿಆರ್ (ಬಣ್ಣ, ಬೆಳಕು ಹೆಚ್ಚಿಸುವ ಸೌಕರ್ಯ) ಆಫ್ ಮಾಡಿ ನೋಡಿ, ಚುಕ್ಕೆ ನಿಂತರೆ ಗುಮಾನಿ ಖಚಿತ. ಚಿತ್ರವಿದೆ, ಧ್ವನಿ ಇಲ್ಲವಾದರೆ ಕನ್ಸೋಲಿನ ಆಡಿಯೋವನ್ನು ‘ಲೀನಿಯರ್ ಪಿಸಿಎಂ’ಗೆ ತನ್ನಿ. ಚಿತ್ರವೇ ಇಲ್ಲದಾದಾಗ ಪಿಎಸ್4, ಪಿಎಸ್5ನಲ್ಲಿ ಪೂರ್ತಿ ಆಫ್ ಮಾಡಿ, ಪವರ್ ಗುಂಡಿಯನ್ನು ಎರಡನೇ ಬೀಪ್‌ವರೆಗೆ, ಸುಮಾರು 7 ಸೆಕೆಂಡ್ ಹಿಡಿದರೆ ಸೇಫ್ ಮೋಡ್. ಕಂಟ್ರೋಲರನ್ನು ಯುಎಸ್‌ಬಿ ವೈರಿನಲ್ಲೇ ಸಿಕ್ಕಿಸಿ ಅಲ್ಲಿಂದ ರೆಸಲ್ಯೂಶನ್ ಇಳಿಸಬಹುದು. ಇದಾವುದಕ್ಕೂ ಮಣಿಯದಿದ್ದರೆ ಡಬ್ಬಿ ತೆಗೆದು ಅದೇ ವೈರಿನಲ್ಲಿ ಕನ್ಸೋಲನ್ನು ನೇರ ಟಿವಿಗೆ ಹಾಕಿ. ಆಗ ಬಂದರೆ ತಪ್ಪು ಡಬ್ಬಿಯದು.

ಹೊಸ ಡಬ್ಬಿ ತಂದ ದಿನವೇ ಮನೆಯ ಕನ್ಸೋಲುಗಳಲ್ಲಿ ಅತಿ ಹೆಚ್ಚು ಕಳಿಸುವುದನ್ನು ಪ್ರತಿ ಪೋರ್ಟಿನಲ್ಲೂ ಅರ್ಧ ಗಂಟೆ ಓಡಿಸಿ. ಪಿಎಸ್4 ಪ್ರೊ ಅಥವಾ ಪಿಎಸ್5 ಆದರೆ ‘ವಿಡಿಯೋ ಔಟ್‌ಪುಟ್’ ಪುಟದಲ್ಲಿ ಈಗ ಹೋಗುತ್ತಿರುವ ಸಿಗ್ನಲ್ ಎಷ್ಟೆಂದು ಕಾಣುತ್ತದೆ. 2160ಪಿ (ಅಂದರೆ 4ಕೆ), 60 ಹರ್ಟ್ಸ್ ಬರಬೇಕಾದಲ್ಲಿ 1080ಪಿ ಕಂಡರೆ ಪೆಟ್ಟಿಗೆಯ ಮೇಲಿನ ‘4ಕೆ’ ಸುಳ್ಳು. ಒಂದು ಪೋರ್ಟ್ ಸೋತರೂ ಡಬ್ಬಿ ವಾಪಸ್ ಮಾಡಿ. ಅಲ್ಲಿಯವರೆಗೆ ಬಿಲ್ಲನ್ನೂ ಪೆಟ್ಟಿಗೆಯನ್ನೂ ಎಸೆಯಬೇಡಿ.